ಫಾರ್ಮಿನ ಮೇಲಿನ ಅಕ್ಷರ ಯಾರದು?

ಬಾಗಲಕೋಟ
೨೨ ಜೂನ್ ೨೦೨೫, ರವಿವಾರ

ನನಗಿಂತ ಎಂಟು ನಿಮಿಷ ಮೊದಲು ಹುಟ್ಟಿ, ಆ ಎಂಟು ನಿಮಿಷದ ದೊಡ್ಡಸ್ತಿಕಿ ಹದಿನಾರು ವರ್ಷ ಮೆರೆದ ಕುಮಾರಿ ಶೀಲಾ ಇವರ ಸನ್ನಿಧಾನಕ್ಕೆ,

ವಿಷಯ: ತಮ್ಮನ್ನು ಕಲಾ ವಿಭಾಗಕ್ಕೆ ದೂಡಿದ ಸಂಚಿನ ತನಿಖೆ ಕುರಿತು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಈ ಹಾಸ್ಟೆಲಿನ ಹನ್ನೊಂದನೇ ಖೋಲಿಯಲ್ಲಿ ಒಂದು ತನಿಖಾ ಆಯೋಗ ರಚನೆ ಆಗೇತಿ ಎಂದು ತಿಳಿಸಲು ವಿಷಾದವಾಗುತ್ತದೆ. ಅಧ್ಯಕ್ಷ ನಾನು. ಸದಸ್ಯರು ಯಾರೂ ಇಲ್ಲ, ಯಾಕಂದ್ರ ಆಯೋಗಕ್ಕ ಯಾರ ಮ್ಯಾಲೂ ನಂಬಿಕಿ ಇಲ್ಲ.

ಪತ್ರ ಯಾಕ ಅಂತ ನಗಬ್ಯಾಡ. ಇಲ್ಲಿ ಮೊಬೈಲ್ ಬಂದ್. ವಾರಕ್ಕ ಎರಡು ನಿಮಿಷ ವಾರ್ಡನ್ ಖಾಸಿಂಸಾಬ ಸರ್ ಅವರ ಫೋನಿನ್ಯಾಗ, ಅವರ ಮುಂದ ನಿಂತು, ಸ್ಪೀಕರ್ ಹಚ್ಚಿ ಮಾತಾಡಬೇಕು. ಎರಡು ನಿಮಿಷದಾಗ ಅವ್ವ "ಉಂಡೇನಪಾ" ಅಂತ ನಾಲ್ಕು ಸಲ ಕೇಳ್ತಾಳ, ಮುಗೀತು. ಪತ್ರಾನೂ ಸರ್ ಒಡದು ಓದೇ ಕೊಡ್ತಾರ, ಓದೇ ಕಳಸ್ತಾರ. (ಸರ್, ನಮಸ್ಕಾರ್ರಿ. ನಿನ್ನೆ ಸಾರಿನ್ಯಾಗ ಬ್ಯಾಳಿ ಹುಡುಕಾಕ ಇನ್ನೊಂದು ಆಯೋಗ ಬೇಕಾಗೇತ್ರಿ.)

ಈಗ ದಾಖಲಿ ನೋಡು. ಒಂದೇ ಹೊಟ್ಟಿ, ಒಂದೇ ಸಾಲಿ, ಅವೇ ಮಾಸ್ತರು. ಎಸೆಸೆಲ್ಸಿಯೊಳಗ ನಿನಗ ೬೨೫ಕ್ಕ ೫೮೮. ನನಗ ೪೩೧, ಅದರಾಗೂ ವಿಜ್ಞಾನದ ರೆಕಾರ್ಡಿಗೆ ಬಂದ ಅಂಕ ನಿನ್ನ ಅಕ್ಷರಕ್ಕ ಬಂದದ್ದು. ಗಣಿತದಾಗ ನಿನಗ ೯೮, ನನಗ ೫೨. ಹಿಂಗಿದ್ದ ಮ್ಯಾಲ ೫೨ ಇದ್ದಂವ ವಿಜ್ಞಾನ ಕಲಿಯಾಕ ಊರು ಬಿಟ್ಟು ಬಂದಾನ, ೯೮ ಇದ್ದಾಕಿ ಇಳಕಲ್ಲಿನ್ಯಾಗ ಇತಿಹಾಸ ಓದಾಕತ್ತಾಳ. ಇದು ತಾನಾಗೇ ಆಗಿದ್ದಲ್ಲ. ಯಾರದೋ ಕೈ ಐತಿ.

ಸಂಶಯಿತರು ಮೂವರು. ಒಂದು, ಅಪ್ಪ. ಎರಡು, ನಮ್ಮ ಹೆಡ್ಮಾಸ್ತರು ಧರ್ಮರಾಜ ಸರ್. ಮೂರು, ಅವ್ವ, ಯಾಕಂದ್ರ ಸೀರಿಗೆ ಸೆರಗಿನ ಎಳಿ ಜೋಡಸಾಕ ನಿನ್ನ ಬೆರಳು ಬೇಕು ಅಕಿಗೆ.

ಫಾರ್ಮಿನ ಮ್ಯಾಲ 'ಕಲಾ' ಅಂತ ಬರದ ಅಕ್ಷರ ಯಾರದು? ಇಷ್ಟು ಹೇಳು, ಉಳದದ್ದು ನಾ ನೋಡ್ಕೊಂತೇನಿ. ಇಂಥಾ ಅಧಿಕೃತ ಕೆಲಸದಾಗ ನನ್ನ ಅನುಭವ ನಿನಗ ಗೊತ್ತೇ ಐತಿ. ಬಾದಾಮಿ ಟ್ರಿಪ್ಪಿನ್ಯಾಗ ನಾ ನಡೆಸಿದ ಪ್ರಶಸ್ತಿ ಪ್ರದಾನ ಸಮಾರಂಭದ ಕಥಿ ಕೇಳಿ ಇಲ್ಲಿ ಹುಡುಗರು ಇನ್ನೂ ನಗ್ತಾರ.

ಇತಿ ಅಧ್ಯಕ್ಷರು,
ಶ್ರೀಶೈಲ

*

ಇಳಕಲ್ಲ
೨೭ ಜೂನ್

ಶ್ರೀಶೈಲ,

ಪತ್ರ ಮುಟ್ಟಿತು. ಅವ್ವಗ ಓದಿ ಹೇಳಿದೆ. ಅಕಿ ಹೆಸರು ಬಂದಲ್ಲಿ ಬಿಟ್ಟು ಓದಿದೆ.

ತನಿಖೆ ಬ್ಯಾಡ. ಯಾರೂ ದೂಡಿಲ್ಲ, ನಾನೇ ಆರಿಸ್ಕೊಂಡಿದ್ದು. ಇತಿಹಾಸ ಚಲೋ ಐತಿ. ಕಾಲೇಜ್ ಮನಿಗೆ ಹತ್ತರ, ಮಧ್ಯಾಹ್ನ ಎರಡಕ್ಕ ಬಿಡ್ತಾರ, ಆಮ್ಯಾಲ ಅವ್ವನ ಕೂಡ ಕುಂದರ್ತೇನಿ.

ನಿನಗ ನನ್ನ ಮ್ಯಾಲ ಒಮ್ಮಿಂದೊಮ್ಮೆಲೇ ಇಷ್ಟು ಕಕ್ಕುಲಾತಿ ಯಾಕ ಬಂತು ಅಂತ ವಿಚಾರ ಮಾಡಾಕತ್ತೇನಿ. ಹಿಂದ ನೀ ನನಗ 'ಸನ್ನಿಧಾನ' ಅಂದದ್ದು ಒಂದೇ ಸಲ. ಅವತ್ತು ರಾತ್ರಿ ಹತ್ತು ಚಿತ್ರ ತಗಿಯೂದಿತ್ತು ನಿನ್ನ ರೆಕಾರ್ಡಿನ್ಯಾಗ. ಏನು ಬೇಕಾಗೇತಿ ಅದನ್ನ ನೆಟ್ಟಗ ಕೇಳು.

ಶೀಲಾ

*

ಬಾಗಲಕೋಟ
೬ ಜುಲೈ

ಶೀಲಾಬಾಯಿಯವರೇ,

ಆಯೋಗಕ್ಕೆ ತಮ್ಮ ಹೇಳಿಕೆ ತಲುಪಿದೆ. ಆಯೋಗ ಅದನ್ನು ನಂಬುವುದಿಲ್ಲ.

"ನಾನೇ ಆರಿಸ್ಕೊಂಡಿದ್ದು" ಅಂತ ಇಷ್ಟು ಸರಳ ಹೇಳಿದಿ ಅಂದ್ರ ಯಾರೋ ಪಕ್ಕಾ ಹೇಳಿಕೊಟ್ಟಾರ. ಖರೇನೇ ಆರಿಸ್ಕೊಂಡವರು ಇಷ್ಟು ಸಣ್ಣ ಪತ್ರ ಬರಿಯೂದಿಲ್ಲ, ನಾಕು ಪುಟ ಜಗಳಾ ಮಾಡ್ತಾರ. ನನಗ ಗೊತ್ತು ನಿನ್ನ ಜಗಳಾ.

ಹೊಸ ಸಾಕ್ಷಿ ಸಿಕ್ಕೇತಿ. ಟ್ರಂಕಿನ ತಳದಾಗ ಇಬ್ಬರದೂ ಒಂಬತ್ತನೇತ್ತದ ಪ್ರಗತಿಪತ್ರ ಇದ್ದೂ. ಧರ್ಮರಾಜ ಸರ್ ಷರಾ ನನಗ ಹಿಂಗೈತಿ: "ಬುದ್ಧಿವಂತ, ಆದರೆ ಸೋಮಾರಿ." ನಿನಗ: "ಪರಿಶ್ರಮಿ ವಿದ್ಯಾರ್ಥಿನಿ." ಅವತ್ತು ನನಗ ೪೮, ನಿನಗ ೯೫. ನಲವತ್ತೆಂಟಕ್ಕ ಬುದ್ಧಿವಂತ ಅಂತ ಬರಿಯಾಕ ಬರ್ತೈತಿ, ತೊಂಬತ್ತೈದಕ್ಕ ಬರಿಯಾಕ ಬರೂದಿಲ್ಲ. ನಾ ಓದಲಿಲ್ಲ ಅಂದ್ರ ತಲಿ ಐತಿ, ಓದವಲ್ಲ. ನೀ ಓದಿದಿ ಅಂದ್ರ ತಲಿ ಇಲ್ಲ, ಅದಕ್ಕ ಓದ್ತಿ. ಈ ಲೆಕ್ಕದಾಗ ನಾ ಎಷ್ಟು ಕಡಿಮಿ ತಗೊಂಡ್ರ ಅಷ್ಟು ಶಾಣ್ಯಾ. ಇಲ್ಲಿ ನಾ ಭಾಳ ಶಾಣ್ಯಾ ಆಗಾಕತ್ತೇನಿ.

ಇನ್ನೊಂದು. ನಮ್ಮ ವರ್ಗದಾಗ ಅರವತ್ತು ಮಂದಿ. ಹುಡುಗ್ಯಾರು ಹದಿನಾಕು. ನಿನ್ನ ವರ್ಗದಾಗ ಎಷ್ಟು, ಎಣಿಸಿ ತಿಳಿಸು. ಆಯೋಗಕ್ಕ ಬೇಕಾಗೇತಿ.

ಇದರ ಜೋಡಿ ನಿನ್ನೆ ಆದ ಗಣಿತದ ಟೆಸ್ಟಿನ ಪ್ರಶ್ನಿ, ನನ್ನ ನೋಟ್ಸು, ನಾಕು ಖಾಲಿ ಹಾಳಿ ಮತ್ತ ಒಂದು ಹೊಸಾ ರೆಕಾರ್ಡ್ ಬುಕ್ ಇಟ್ಟೇನಿ. ಹಾಳಿಯೊಳಗ ಲೆಕ್ಕ ಬಿಡಿಸಿ ಕಳಸು. ರೆಕಾರ್ಡಿನ ವಿಷಯ ನಿನ್ನ ದೊಡ್ಡ ಮನಸಿಗೆ ಬಿಟ್ಟದ್ದು. ಕಾರಣ ಕೇಳಬ್ಯಾಡ.

ಶ್ರೀಶೈಲ

*

ಇಳಕಲ್ಲ
೧೨ ಜುಲೈ

ಶ್ರೀಶೈಲ,

ಬಂತಲಾ ರೆಕಾರ್ಡ್ ಬುಕ್. ನಾ ಹೇಳಿರಲಿಲ್ಲಾ? ಹುನಗುಂದ ದಾಟಿ ಅಷ್ಟು ದೂರ ಹ್ವಾದ್ರೂ ನಿನಗ ಬರಿಯೂ ಕೈ ಇಳಕಲ್ಲಿನ್ಯಾಗೇ ಐತಿ. ಆಯೋಗ ಗೀಯೋಗ ಎಲ್ಲಾ ಇದಕ್ಕ ಹಾಕಿದ ಕೊಂಡಿ ಅಂತ ಮೊದಲನೇ ಪತ್ರದಾಗೇ ಅನಿಸಿತ್ತು.

ರೆಕಾರ್ಡ್ ಮುಟ್ಟಿಲ್ಲ. ಲೆಕ್ಕ ಬಿಡಿಸೇನಿ. ನಿನ್ನ ಸಲುವಾಗಿ ಅಲ್ಲ. ಓದಿದ ಮ್ಯಾಲ ಬಿಡಾಕ ಆಗಲಿಲ್ಲ. ಎಳಿ ಜೋಡಿಸ್ಕೊಂತ ತಲ್ಯಾಗೇ ಮಾಡಿದೆ, ಆಮ್ಯಾಲ ಎದ್ದು ಬರದೆ. ನಿನ್ನ ನೋಟ್ಸಿನ್ಯಾಗ ಎರಡು ಕಡೆ ತಪ್ಪೈತಿ. ಕೆಂಪು ಪೆನ್ನಿಲೆ ತಿದ್ದೇನಿ. ಹಾಳಿಯ ಮ್ಯಾಲ ಹೆಸರು ಬರದಿಲ್ಲ. ನಿನ್ನ ಹೆಸರು ನೀನೇ ಬರ್ಕೋ, ಅಷ್ಟರೆ ಕೆಲಸ ಮಾಡು.

ನಮ್ಮ ವರ್ಗದಾಗ ಎಪ್ಪತ್ತೊಂದು ಮಂದಿ, ಐವತ್ತೆಂಟು ಹುಡುಗ್ಯಾರು. ನೀ ಎಣಸು ಅಂದಿ ಅಂತ ಎಣಿಸಿದೆ, ಎಣಸೂಮುಂದ ಬಾಜೂಕ ಕುಂತವರಿಗೆ ಕೇಳಿದೆ. ಎಲ್ಲಾರೂ ತಾವೇ ಆರಿಸ್ಕೊಂಡೇವಿ ಅಂದ್ರು. ದುರಗವ್ವ ಅಂತ ಒಬ್ಬಾಕಿ ಅದಾಳ, ಹುನಗುಂದದ ಕಡೆ ಒಂದು ಹಳ್ಳಿಯಾಕಿ, ವಿಜ್ಞಾನದಾಗ ನೂರಕ್ಕ ತೊಂಬತ್ತು. ಅಕಿನೂ ತಾನೇ ಆರಿಸ್ಕೊಂಡಾಳಂತ. ಯಾಕವ್ವಾ ಅಂದೆ. ಪ್ರಾಕ್ಟಿಕಲ್ ಮುಗಿಯೂದು ಐದಕ್ಕ, ಕಡಿ ಬಸ್ ನಾಕೂವರಿಗೆ ಅಂದ್ಲು. ಅದನ್ನ ಹೇಳಿ ನಕ್ಕಳು. ಅಕಿ ಹಂಗ ನಕ್ಕದ್ದು ನನಗ ಸೇರಲಿಲ್ಲ.

ಆದ್ರ ನಾ ಬ್ಯಾರೆ. ನನ್ನ ಮನಿ ಹತ್ತರ ಐತಿ, ನನಗ ಬಸ್ಸಿನ ಕಾರಣ ಇಲ್ಲ. ಆದ್ದರಿಂದ ತನಿಖೆ ಮುಗಿಸು.

ಶೀಲಾ

*

ಬಾಗಲಕೋಟ
೨೦ ಜುಲೈ

ಶೀಲಾ,

ಹಾಳಿ ಮುಟ್ಟ್ಯಾವು. ಎಲ್ಲಿ ಮುಟ್ಟಬೇಕೋ ಅಲ್ಲಿಗೂ ಮುಟ್ಟ್ಯಾವು. ಹೆಚ್ಚಿಗಿ ಕೇಳಬ್ಯಾಡ, ಗ್ವಾಡಿಗೂ ಕಿವಿ ಅದಾವ ಅನ್ನೂ ಮಂದಿಗೆ ನಮ್ಮ ಹಾಸ್ಟೆಲ್ ತೋರಿಸಬೇಕು, ಇಲ್ಲಿ ಅಂಚಿ ಪೆಟಗಿಗೂ ಕಣ್ಣದಾವ. (ಸರ್, ನಿಮಗಲ್ರಿ.)

ನಿನ್ನೆ ಅಪ್ಪ ರೊಟ್ಟಿ ಗಂಟು ತಗೊಂಡು ಬಂದಿದ್ದ. ಪಡಸಾಲ್ಯಾಗ ಕುಂದರಿಸಿ, ನೀರು ಕೊಟ್ಟು, ಅಧಿಕೃತವಾಗಿ ವಿಚಾರಣೆ ಮಾಡಿದೆ. ಸಿಟ್ಟಿಗೆ ಏಳ್ತಾನ ಅಂತ ಬಾಗಲ ಕಡೆ ಸರದು ನಿಂತಿದ್ದೆ. ಏಳಲಿಲ್ಲ. ಅಪ್ಪ ಹೇಳಿದ್ದು ಇಷ್ಟು: ಎರಡೂ ಫಾರ್ಮ್ ನೀನೇ ತುಂಬಿಕೊಂಡು ಬಂದಿ. ಮಗ್ಗದ ಮ್ಯಾಲ ಇದ್ದಂವನ ಕೈಯಾಗ ಪೆನ್ನು ಕೊಟ್ಟು, ಎಲ್ಲಿ ಸಹಿ ಹಾಕಬೇಕು ಅಲ್ಲಿ ಬೆರಳಿಟ್ಟಿ. ಮನಿಯಾಗ ರೇಷನ್ ಕಾರ್ಡಿನಿಂದ ಹಿಡದು ಎಲ್ಲಾ ಅರ್ಜಿ ನಿನ್ನ ಅಕ್ಷರದಾಗೇ ಇರ್ತಾವ, ಹಂಗಾಗಿ ಅಂವ ಓದೂದು ಬಿಟ್ಟು ಭಾಳ ವರ್ಷ ಆತು. ಆದ್ರ ಅವತ್ತು ಓದಿದ. ನನ್ನದ್ರಾಗ ವಿಜ್ಞಾನ, ನಿನ್ನದ್ರಾಗ ಕಲಾ. ಯಾಕವ್ವಾ ಅಂತ ಕೇಳಿದ್ನಂತ. ನೀ ಏನಂದಿ ಅದನ್ನ ಅಪ್ಪ ಇದ್ದಂಗೇ ಹೇಳಿದ.

"ನನ್ನ ತಲಿ ಟೇಪ್ ಇದ್ದಂಗ ಅಪ್ಪಾ. ಹಾಕಿದ್ದಷ್ಟೇ ಬರ್ತೈತಿ."

ಅಪ್ಪಗ ಅದು ತಿಳೀಲಿಲ್ಲಂತ. ಮತ್ತ ಕೇಳಬೇಕಿತ್ತು, ಕೇಳಲಿಲ್ಲ ಅಂದ. ಅವ್ವಗ ಆಸರಾಗ್ತಿ ಅಂತ ಒಳಗೊಳಗ ಹಗರಾತು ಅಂತನೂ ಅಂದ. ಹಂಗ ಹೇಳೂಮುಂದ ನನ್ನ ಮುಖ ನೋಡಲಿಲ್ಲ, ರೊಟ್ಟಿ ಗಂಟಿನ ಗಂಟು ಬಿಚ್ಚಿ ಮತ್ತ ಕಟ್ಟಿದ.

ಅಂದ್ರ ಅಕ್ಷರ ನಿನ್ನದು. ಆದ್ರ ಆ ಮಾತು ನಿನ್ನದಲ್ಲ. ನೀ ಹಂಗ ಮಾತಾಡಾಕಿ ಅಲ್ಲ. ಯಾರೋ ನಿನ್ನ ತಲ್ಯಾಗ ಅದನ್ನ ಇಟ್ಟಾರ. ನನಗ ಧರ್ಮರಾಜ ಸರ್ ಮ್ಯಾಲ ಪಕ್ಕಾ ಸಂಶಯ ಐತಿ. ಹೆಸರು ಹೇಳು, ಅಂವ ಯಾವನೇ ಇರಲಿ, ಬಿಡೂದಿಲ್ಲ.

ನಿಮ್ಮ ಕಾಲೇಜಿನ್ಯಾಗ ವಿಭಾಗ ಬದಲಿಸಾಕ ಕಡಿ ದಿನ ಆಗಸ್ಟ್ ೧೬ ಅಂತ ಅಪ್ಪನ ಕೈಲೆ ಕೇಳಿಸಿ ತಿಳಕೊಂಡೇನಿ. ಇನ್ನ ಇಪ್ಪತ್ತೇಳು ದಿನ ಐತಿ.

ಶ್ರೀಶೈಲ

*

ಬಾಗಲಕೋಟ
೩೦ ಜುಲೈ

ಶೀಲಾ,

ಹತ್ತು ದಿನ ಆತು. ಉತ್ತರ ಇಲ್ಲ. ವಾರ್ಡನ್ ಸರ್ ಪತ್ರ ಮುಚ್ಚಿಟ್ಟಾರೇನು ಅಂತ ಅವರ ಟೇಬಲ್ಲಿನ ಖಣ ತಗದು ನೋಡಿ ಸಿಕ್ಕಿಬಿದ್ದೆ. ಎರಡು ದಿನ ಬಕೀಟು ತೊಳಿಯೂ ಶಿಕ್ಷಾ ಆಗೇತಿ. ರವಿವಾರದ ಫೋನಿನ್ಯಾಗ ನೀ ಇರಲಿಲ್ಲ, ನೀರಿಗೆ ಹೋಗೀದಿ ಅಂತ ಅವ್ವ ಅಂದ್ಲು. ನಮ್ಮ ಮನಿಯಾಗ ನಳಾ ಐತಿ ಶೀಲಾ.

ಆ ಹೆಸರು ಹೇಳಾಕ ಯಾಕಿಷ್ಟು ಅಂಜತಿ?

ಶ್ರೀಶೈಲ

*

ಇಳಕಲ್ಲ
೨ ಆಗಸ್ಟ್

ಶ್ರೀಶೈಲ,

ಅಂಜಿಕಿ ಅಲ್ಲ. ನೀ ಖರೇನೇ ಮರತೀಯೋ, ಮರತಂಗ ಮಾಡತೀಯೋ ಅಂತ ಕಾದು ನೋಡಾಕತ್ತಿದ್ದೆ. ಮರತೀ ಅಂತ ಕಾಣ್ತೈತಿ. ಅದು ಇನ್ನೂ ಕೆಟ್ಟ.

ಬಾದಾಮಿ. ಜನವರಿ. ಮೂರನೇ ಗುಹಾದ ಮುಂದಿನ ಮೆಟ್ಟಲ. ನೀ ಹೊದಿಯೂ ಚಾದರ ಶಾಲಿನಂಗ ಹೊದ್ಕೊಂಡು ಹೆಡ್ಮಾಸ್ತರ ಆಗಿದ್ದಿ. ನೀರಿನ ಬಾಟಲಿ ಮೈಕು. ಇಡೀ ಹತ್ತನೇತ್ತ ಕೆಳಗ ಕುಂತಿತ್ತು, ಧರ್ಮರಾಜ ಸರ್ ಸೈತ. ನನ್ನನ್ನ ಮ್ಯಾಲ ಕರದು 'ಉರು ಸಾಮ್ರಾಜ್ಞಿ' ಅಂತ ಪ್ರಶಸ್ತಿ ಕೊಟ್ಟಿ. ಶೇಂಗಾದ ಸಿಪ್ಪಿ ಪೋಣಿಸಿ ಮಾಲಿ ಹಾಕಿದಿ. ಆಮ್ಯಾಲ ಭಾಷಣ. "ಈಕೆಯ ತಲೆಯು ಒಂದು ಟೇಪ್ ರೆಕಾರ್ಡರ್. ಹಾಕಿದ್ದು ಬರುತ್ತದೆ, ಹಾಕಲಾರದ್ದು ಎಂದೆಂದಿಗೂ ಬರುವುದಿಲ್ಲ." ಅಷ್ಟರಾಗ ಮಂಗ್ಯಾ ಬಂದು ಮಾಲಿ ಕಸ್ಕೊಂಡು ಹೋತು.

ಎಲ್ಲಾರೂ ನಕ್ಕರು. ನಾನೂ ನಕ್ಕೆ, ಎಲ್ಲಾರಿಗಿಂತ ಜೋರು ನಾನೇ ನಕ್ಕೆ. ಧರ್ಮರಾಜ ಸರ್ ಕಣ್ಣು ಒರಸ್ಕೊಂಡು ಬಾಜೂದ ಸರ್‌ಗೆ ಅಂದ್ರು, "ಹುಡುಗ ಚೇಷ್ಟಿ ಮಾಡಿದ್ರೂ ಖರೆ ಹೇಳ್ತಾನ್ರಿ. ಹುಡುಗ್ಯಾರದು ಉರು. ಸೈನ್ಸಿಗೆ ಹ್ವಾದ ಮ್ಯಾಲ ಗೊತ್ತಾಗ್ತೈತಿ." ಅದು ನನಗ ಕೇಳಿಸ್ತು.

ಸರ್ ಒಬ್ಬರೇ ಅಂದಿದ್ರ ನಾ ಬಿಡ್ತಿದ್ದೆ. ಅವರು ಎಲ್ಲಾ ಹುಡುಗ್ಯಾರಿಗೂ ಅಂತಾರ. ಆದ್ರ ಒಂದೇ ದೀಪದ ಬುಡಕ ಹತ್ತು ವರ್ಷ ನನ್ನ ಬಾಜೂಕ ಕುಂತು ನಾ ಹೆಂಗ ಓದ್ತೇನಿ ನೋಡಿದಂವ ನೀ. ನೀ ಅಂದಮ್ಯಾಲ ಅದು ಖರೇನೇ ಇರಬೇಕು ಅಂತ ತಿಳ್ಕೊಂಡೆ. ಫಾರ್ಮ್ ತುಂಬೂಮುಂದ ಕೈ ತಾನೇ ಬರೀತು.

ಬಿಡೂದಿಲ್ಲ ಅಂದಿದ್ದಿ ಅಲ್ಲಾ ಅಂವನ್ನ, ಈಗ ಹಿಡಿ.

ಶೀಲಾ

*

ಬಾಗಲಕೋಟ
೬ ಆಗಸ್ಟ್

ಶೀಲಾ,

ಮೂರು ಸಲ ಬರಿಯಾಕ ಕುಂತು ಹಾಳಿ ಹರದೆ. ಮೂರರಾಗೂ 'ಆಯೋಗದ ಅಂತಿಮ ವರದಿ' ಅಂತ ಮ್ಯಾಲ ಬರದಿದ್ದೆ. ಕೆಳಗ ಏನೂ ಬರೀಲಿಲ್ಲ.

ಮರತಿದ್ದೆ. ಖರೆ ಹೇಳ್ತೇನಿ, ಮಂಗ್ಯಾ ನೆನಪಿತ್ತು, ನೀ ನೆನಪಿರಲಿಲ್ಲ. ಹುಡುಗರು ನಗ್ತಾರಂತ ಇಲ್ಲಿ ಅದನ್ನ ಆರು ಸಲ ಹೇಳೇನಿ. ಆರು ಸಲಾನೂ ನೀ ಅದರಾಗ ಇದ್ದಿ.

ಆ ಮಾತು ಯಾಕಂದೆ ಅಂತ ವಿಚಾರ ಮಾಡಿದೆ. ಹಿಂದಿನ ದಿನ ನಿನಗ ಗಣಿತದಾಗ ಪೂರಾ ಅಂಕ ಬಂದಿತ್ತು, ನನಗ ಹನ್ನೊಂದು. ನೀ ಉರು ಹೊಡಿತಿ ಅಂದ್ರ ನನ್ನ ಹನ್ನೊಂದಕ್ಕ ಒಂದು ಮರ್ಯಾದಿ ಬರ್ತಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಈಗ ನಾ ಮುಚ್ಚಿಟ್ಟದ್ದು ಹೇಳ್ತೇನಿ. ನೀ ಬಿಡಿಸಿದ ಹಾಳಿಯ ಮ್ಯಾಲ ನನ್ನ ಹೆಸರು ಬರೀಲಿಲ್ಲ, ನಿನ್ನ ಹೆಸರು ಬರದೆ. ನಮ್ಮ ಗಣಿತದ ಸುನಂದಾ ಮೇಡಮ್ ಟೆಸ್ಟಿನ ಕಟ್ಟು ಎರಡು ವಾರ ತಿದ್ದಿರಲಿಲ್ಲ, ಕಪಾಟಿನ ಮ್ಯಾಲ ಇಟ್ಟಿದ್ದರು. ಅದನ್ನ ಹೊತ್ತೊಯ್ಯೂ ಹಮಾಲಿ ಕೆಲಸ ನನ್ನದು. ನಡುವ ನಿನ್ನ ಹಾಳಿ ಸೇರಿಸಿದೆ. ಚೇಷ್ಟಿಗೆ ಅಂತ ಸುರು ಮಾಡಿದ್ದು, ಸುಳ್ಳು ಹೇಳೂದಿಲ್ಲ. ಇಲ್ಲದ ಹುಡುಗಿ ಹೆಸರು ಕರದು ಮೇಡಮ್ ಹುಡುಕೂದು ನೋಡಬೇಕಿತ್ತು.

ಹುಡುಕಿದರು. ನನಗ ೨೫ಕ್ಕ ೮. ನಿನಗ ೨೩. ಇಡೀ ವರ್ಗದಾಗ ಮೊದಲನೇದು. "ಶೀಲಾ ಯಾರು, ಎದ್ದು ನಿಲ್ಲು" ಅಂದ್ರು. ಹಾಜರಿ ಪುಸ್ತಕ ಎರಡು ಸಲ ತಿರುವಿದರು. ನಾ ನಗೂದು ತಡ್ಕೊಂಡು ಕುಂತಿದ್ದೆ, ಅಷ್ಟರಾಗ ಮೇಡಮ್ ನಿನ್ನ ಮೂರನೇ ಲೆಕ್ಕ ಬೋರ್ಡಿನ ಮ್ಯಾಲ ಬರಿಯಾಕ ಹತ್ತಿದರು. ಅದೇ, ಅರವತ್ತು ಮಂದಿಯೊಳಗ ಮೂವತ್ತೆಂಟು ಮಂದಿಗೆ ಚಹಾ, ಮೂವತ್ತೈದು ಮಂದಿಗೆ ಕಾಫಿ, ಆರು ಮಂದಿಗೆ ಎರಡೂ ಬ್ಯಾಡ, ಎರಡೂ ಬೇಕು ಅನ್ನೋರು ಎಷ್ಟು. ನಾವೆಲ್ಲಾ ಸೂತ್ರ ಹಾಕಿದ್ವಿ. ನೀ ಸೂತ್ರ ಮುಟ್ಟಿಲ್ಲ. ಕುಡಿಯೋರು ಐವತ್ನಾಕು, ಅವರಾಗ ಚಹಾ ಬ್ಯಾಡ ಅನ್ನೋರು ಹದಿನಾರು, ಅವರು ಕಾಫಿಗೇ ಬಂದವರು, ಮೂವತ್ತೈದರಾಗ ಅವರನ್ನ ತಗದ್ರ ಹತ್ತೊಂಬತ್ತು. ಮೂರು ಸಾಲು.

"ಇದನ್ನ ನಾ ಹೇಳಿಕೊಟ್ಟಿಲ್ಲ. ಪುಸ್ತಕದಾಗೂ ಇಲ್ಲ. ಈಕಿಗೆ ಯಾರು ಹೇಳಿದ್ರು?" ಅಂದ್ರು ಮೇಡಮ್.

ನಗಿ ಎಲ್ಲಿ ಹೋತೋ. ನನಗ ಗೊತ್ತಿತ್ತು ಯಾರು ಹೇಳಿದ್ರು ಅಂತ. ಸೆರಗಿನ ಎಳಿ ಒಡಲಿನ ಎಳಿಗೆ ಕೊಂಡಿ ಹಾಕೂಮುಂದ ಅವ್ವ ಸಾವಿರಾರು ಎಳಿ ಎಣಸೂದಿಲ್ಲ. ಜೋಡಿ ಸಿಗದ ಎಳಿ ಅಷ್ಟೇ ಎಣಸ್ತಾಳ. ನಾ ಹದಿನಾರು ವರ್ಷ ಅದೇ ಮನಿಯಾಗ ಇದ್ದೆ. ನನಗದು ಎಳಿ ಅಷ್ಟೇ ಕಾಣ್ತಿತ್ತು.

ಹಾಕಲಾರದ್ದೂ ಬರ್ತೈತಿ ಶೀಲಾ. ಮೆಟ್ಟಲ ಮ್ಯಾಲ ನಿಂತು ನಾ ಹೇಳಿದ್ದು ಸುಳ್ಳು.

ಎದ್ದು ನಿಂತು ಎಲ್ಲಾ ಒಪ್ಪಿಕೊಂಡೆ. ಮೇಡಮ್ ಬೈಯಲಿಲ್ಲ, ಅದರ ಬದಲಿ ಹಾಳಿಯ ಮ್ಯಾಲ ಏನೋ ಬರದು, ಪೋಸ್ಟಿಗೆ ಹಾಕು ಅಂದ್ರು. ಇದರಾಗ ಇಟ್ಟೇನಿ. ನಾ ಓದಿಲ್ಲ. ಈ ಸಲ ಖರೇನೇ ಓದಿಲ್ಲ.

ಇನ್ನ ಹತ್ತು ದಿನ ಐತಿ. ನಿನಗ ವಿಜ್ಞಾನ ಬ್ಯಾಡ ಅಂದ್ರ ಬ್ಯಾಡ, ಇತಿಹಾಸ ಬೇಕು ಅಂದ್ರ ಅದೇ ಇರಲಿ. ಆದ್ರ ನನ್ನ ಮಾತು ತಲ್ಯಾಗಿಂದ ತಗದು, ಆಮ್ಯಾಲ ಆರಿಸು.

ಶ್ರೀಶೈಲ

(ಇದೇ ಹಾಳಿಯ ಕೆಳಗೆ, ಬೇರೆ ಅಕ್ಷರದಲ್ಲಿ:)

ಮಗಳೇ ಶೀಲಾ, ನಾನು ವಾರ್ಡನ್ ಖಾಸಿಂಸಾಬ. ಲಕೋಟೆಯೊಳಗ ಬಿಡಿಸಿದ ಲೆಕ್ಕ ಬಂದದ್ದು ಅವತ್ತೇ ನೋಡೀನಿ. ನಿಯಮದ ಪ್ರಕಾರ ತಡೀಬೇಕಿತ್ತು. ಅಕ್ಷರ ನೋಡಿ ಬಿಟ್ಟೆ. ನಿನ್ನ ತಮ್ಮ ಮೂರು ದಿನದಿಂದ ಯಾರ ಚಾದರಾನೂ ಹಾಸಗಿಗೆ ಸೇರಿಸಿ ಹೊಲದಿಲ್ಲ, ಯಾರ ಚಪ್ಪಲೀನೂ ಅದಲಬದಲ ಮಾಡಿಲ್ಲ. ಆರಾಮ ಇಲ್ಲೇನೋ ಅಂತ ದವಾಖಾನಿಗೆ ಕರಕೊಂಡು ಹೋಗಬೇಕಂತ ಮಾಡೀನಿ. ಬೇಗ ಒಂದು ಪತ್ರ ಬರಿ.

*

ಇಳಕಲ್ಲ
೧೪ ಆಗಸ್ಟ್

ಶ್ರೀಶೈಲ,

ಮೇಡಮ್ ಬರದದ್ದು ನಿನಗ ಹೇಳೂದಿಲ್ಲ. ಅದು ನನ್ನದು.

ನಿನ್ನ ಪತ್ರ ಬಂದ ದಿನ ನಂಬಲಿಲ್ಲ. ಇದೂ ಒಂದು ಚೇಷ್ಟಿ, ಆ ೨೩ ನೀನೇ ಬರದಿ ಅಂತ ಹಾಳಿ ಬೆಳಕಿಗೆ ಹಿಡದು ನೋಡಿದೆ. ನಿನಗ ಅಷ್ಟು ಚಂದ ಅಂಕಿ ಬರಿಯಾಕ ಬರೂದಿಲ್ಲ ಅಂತ ನೆನಪಾದ ಮ್ಯಾಲ ನಂಬಿದೆ.

ಎರಡು ದಿನ ಆ ಹಾಳಿ ಇತಿಹಾಸದ ಪುಸ್ತಕದಾಗ ಇಟ್ಟು ಓದಿದೆ. ಆಮ್ಯಾಲ ಕಾಲೇಜಿಂದ ಬದಲಾವಣಿ ಫಾರ್ಮ್ ತಂದೆ. ದುರಗವ್ವಗೂ ಒಂದು ತಂದೆ. ಅಕಿ ತಗೊಂಡು ಬ್ಯಾಗಿನ್ಯಾಗ ಇಟ್ಟಾಳ, ಬಸ್ಸಿಗೆ ಏನು ಮಾಡ್ಲಿ ಅಂದ್ಲು.

ಹೆಸರು, ಊರು, ಹುಟ್ಟಿದ ತಾರೀಖು ಎಲ್ಲಾ ತುಂಬಿದೆ. ವಿಭಾಗದ ಜಾಗಾ ಖಾಲಿ ಬಿಟ್ಟು ಅಪ್ಪನ ಮುಂದ ಹಿಡದೆ. ಎಲ್ಲಿ ಸಹಿ ಅಂದ. ಸಹಿ ಅಲ್ಲ ಅಪ್ಪಾ, ಇಲ್ಲಿ ನೀ ಬರಿ ಅಂದೆ. ನನ್ನ ಅಕ್ಷರ ಚಲೋ ಇಲ್ಲವ್ವಾ ಅಂದ. ಇರಲಿ ಅಂದೆ. ಪೆನ್ನು ಹಿಡದು ಅವ್ವನ ಕಡೆ ನೋಡಿದ. ಅವ್ವ ಎಳಿ ಕೈಯಾಗ ಹಿಡದು ನೋಡಾಕತ್ತಿದ್ಲು. ಐದು ಗಂಟೆ ತನಕ ನೀ ಬರೂದಿಲ್ಲ, ಹೌದಲಾ ಅಂದ. ಹೌದು ಅಂದೆ. ಆಮ್ಯಾಲ ಬರದ. 'ವಿಜ್ಞಾನ' ಅನ್ನೂದು ಆ ಚೌಕದಾಗ ಹಿಡೀಲಿಲ್ಲ, 'ನ' ಹೊರಗ ಹೋಗೇತಿ. ಕಾಲೇಜಿನ ಕ್ಲಾರ್ಕ್ ಕನ್ನಡಕ ಏರಿಸಿ ಇದು ಯಾರ ಅಕ್ಷರ ಅಂತ ಕೇಳಿದ. ನಮ್ಮ ಅಪ್ಪಂದ್ರಿ ಅಂದೆ. ಫಾರ್ಮಿನ ಮ್ಯಾಲ ಸಿಕ್ಕಾ ಹೊಡದ.

ಈಗ ಮಧ್ಯಾಹ್ನ ಅವ್ವನ ಕೂಡ ಅಪ್ಪ ಕುಂದರ್ತಾನ, ಕೊಂಡಿ ಹಾಕೂದು ಕಲಿಯಾಕ. ಒಂದು ಹಾಕೂದರಾಗ ಮೂರು ಹರೀತಾನ. ನಿನ್ನೆ ಅವ್ವ ನೋಡಿ ನೋಡಿ ಅಂದ್ಲು, "ನಿಮಗ ಬುದ್ಧಿ ಐತ್ರಿ, ಪರಿಶ್ರಮ ಸಾಲದು." ನಿನ್ನ ಪತ್ರ ಅಕಿಗೆ ಓದಿ ಹೇಳಿದ್ದು ತಪ್ಪಾತು ಅನಸ್ತೈತಿ.

ಬಾದಾಮಿದು ಇನ್ನೂ ಮರತಿಲ್ಲ. ಮರೀತೇನಿ ಅಂತ ಮಾತು ಕೊಡೂದೂ ಇಲ್ಲ. ಆ ಕಥಿ ಏಳನೇ ಸಲ ಹೇಳೂದು ಬಂತಂದ್ರ ಮಂಗ್ಯಾನಿಂದ ಸುರು ಮಾಡು, ಮಂಗ್ಯಾನಲ್ಲೇ ಮುಗಿಸು.

ನಿನ್ನ ರೆಕಾರ್ಡ್ ಬುಕ್ ಇದರ ಜೋಡಿ ವಾಪಸ್ ಕಳಸೇನಿ. ಖಾಲಿ ಐತಿ. ಮ್ಯಾಲಿನ ಪುಟದಾಗ ನಿನ್ನ ಹೆಸರು ಸೈತ ಬರದಿಲ್ಲ. ಸೋಮವಾರದಿಂದ ನನಗ ನನ್ನದು ಬರಿಯೂದೈತಿ.

ಶೀಲಾ